ಅಜ್ಜನ ಲುಂಗಿಯ ಪಟ್ಟಿ

ಆಗೆಲ್ಲ ಉದ್ಯಾವರದ ನಮ್ಮ ಅಜ್ಜಿಮನೆಗೆ ಕ್ರಿಸ್‌ಮಸ್ ಬರುತ್ತಿದ್ದದ್ದು ಬಹರೈನ್‌ನಿಂದ, ಮಾಮನ ಪೆಟ್ಟಿಗೆಯೊಳಗೆ ಮಡಚಿಕೊಂಡು. ಮಾಮ ತರುತ್ತಿದ್ದದ್ದು ಒಂದೇ ತಾನು ಬಟ್ಟೆ. ಮನೆಯ ಹುಡುಗಿಯರಿಗೆಲ್ಲ ಅದರಲ್ಲೇ ಫ್ರಾಕು, ಒಂದೇ ಬಣ್ಣ, ಒಂದೇ ಹೊಲಿಗೆ. ಇಗರ್ಜಿಯಲ್ಲಿ ಸಾಲಾಗಿ ಕೂತರೆ ಯಾರ ಮನೆಯ ಮಕ್ಕಳೆಂದು ಯಾರೂ ಕೇಳಬೇಕಾಗಿರಲಿಲ್ಲ. ನಿಮ್ಮಲ್ಲೂ ಹಬ್ಬಕ್ಕೆ ಹೀಗೇ ಇದ್ದಿರಬಹುದು.

ಹೊಲಿಯುವವರು ಅಮ್ಮನ ತಂಗಿ ಹಿಲ್ಡಾ ಆಂಟಿ. ಡಿಸೆಂಬರ್ ಬಂತೆಂದರೆ ಜಗಲಿಯಲ್ಲಿ ಅವರ ಮೆಷಿನ್ನಿನ ಎಣ್ಣೆಯ ವಾಸನೆ, ಒಳಗೆ ಅಜ್ಜಿ ಹಬ್ಬದ ಸಿಹಿತಿಂಡಿ ಕಿಡಿಯೊ ಕರಿಯುವ ತೆಂಗಿನೆಣ್ಣೆಯ ವಾಸನೆ. ಹಿಟ್ಟಿನ ಉಂಡೆಗಳನ್ನು ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಮಾಡಿಕೊಡುವ ಕೆಲಸ ನಮ್ಮದು; ಅರ್ಧ ಹಿಟ್ಟು ಹಸಿಯಾಗಿಯೇ ಬಾಯಿಗೆ. ಮೆಷಿನ್ನಿನ ಕೆಳಗೆ ಬಿದ್ದ ಬಟ್ಟೆಚೂರಿಗೆ ಜಗಳ. ಗೊಂಬೆಗಳಿಗೂ ಹಬ್ಬ ಆಗಬೇಕಲ್ಲ!

ನನ್ನ ಎಡಗೈ ಹುಟ್ಟಿನಿಂದಲೇ ಭುಜದ ಮೇಲಕ್ಕೆ ಏಳುವುದಿಲ್ಲ. ಬೆನ್ನಿಗೆ ಜಿಪ್ ಇದ್ದ ಫ್ರಾಕನ್ನು ಅಮ್ಮನೇ ತೊಡಿಸಬೇಕು. ಉಳಿದವರು ಬಾಗಿಲು ಹಾಕಿಕೊಂಡು ಕಿಲಕಿಲ ನಗುತ್ತಾ ತಯಾರಾಗುವಾಗ ನಾನು ಇನ್ನೊಂದು ಕೋಣೆಯಲ್ಲಿ ಎಳೆಮಗುವಿನ ಹಾಗೆ ಅಮ್ಮನ ಮುಂದೆ ನಿಂತಿರುತ್ತಿದ್ದೆ. ಒಂಬತ್ತು ವರ್ಷದವಳಿಗೆ ಅದಕ್ಕಿಂತ ದೊಡ್ಡ ಅವಮಾನ ಇರಲಿಲ್ಲ. ಆ ವರ್ಷ ಆಂಟಿಗೆ ಹೇಳಿಯೇಬಿಟ್ಟೆ. "ಈ ಸಲ ನನ್ನ ಫ್ರಾಕ್ ನಾನೇ ಹಾಕಿಕೊಳ್ಳಬೇಕು."

"ಮೊದಲೇ ಹೇಳಬಾರದಾ ಮಾರಾಯ್ತಿ? ಎಲ್ಲ ಹೊಲಿದು ಆಯಿತಲ್ಲ!"

ಹಾಗೆಂದರೂ ಕತ್ತರಿ ಎತ್ತಿಕೊಂಡರು. ಜಿಪ್ ಬಿಚ್ಚಿ ಬೆನ್ನು ಮುಚ್ಚಿದರು, ಎದುರು ಸೀಳಿದರು. ಗುಂಡಿ ಕೂರಿಸಲು ಪಟ್ಟಿ ಬೇಕು. ಆ ವರ್ಷ ಮಾಮ ತಂದಿದ್ದ ಹಳದಿ ಬಟ್ಟೆ ಒಂದು ಗೇಣೂ ಉಳಿದಿರಲಿಲ್ಲ. ಅಜ್ಜನ ಹಳೆಯ ನೀಲಿ ಚೌಕುಳಿ ಲುಂಗಿ ಹೊರಗೆ ಬಂತು. "ಹಳೆ ಬಟ್ಟೆ ಮೆತ್ತಗೆ ಇರ್ತದೆ. ಗುಂಡಿ ನೀನೇ ಹೊಲಿ, ಬಾಯೆ. ನಿನ್ನ ಬೆರಳಿಗೆ ಎಲ್ಲಿ ಎಟಕ್ತದೆ ಅಂತ ನಿನಗೇ ಗೊತ್ತುಂಟು" ಎಂದರು. ಸೂಜಿ ಚುಚ್ಚಿಸಿಕೊಂಡು ಹೊಲಿದೆ. ದೊಡ್ಡ ದೊಡ್ಡ ಬಿಳಿ ಗುಂಡಿಗಳು.

ಮಾಮನ ಮಗಳು ರೀಮಾ ನೋಡಿದಳು. "ಇವಳದ್ದು ಮಾತ್ರ ಎಂತ ಬೇರೆ?"

ನನ್ನ ಖುಷಿಯೆಲ್ಲ ಇಳಿದುಹೋಯಿತು. ಒಬ್ಬಳೇ ಹಾಕಿಕೊಳ್ಳುವ ಆಸೆಗೆ ಸಾಲಿನಿಂದಲೇ ಹೊರಬಿದ್ದೆನಲ್ಲ ಎಂದು ಅಳು ಬಂತು.

ಅಜ್ಜಿ ಸೌಟು ಹಿಡಿದೇ ಹೊರಗೆ ಬಂದರು. "ಈ ಮನೆಯಲ್ಲಿ ಕ್ರಿಸ್‌ಮಸ್‌ಗೆ ಬೇರೆ ಬೇರೆ ಹಾಕುವ ಕ್ರಮ ಇಲ್ಲ."

"ಹಾಗಾದ್ರೆ ಇವಳದ್ದು ಬಿಚ್ಚುವುದಾ?" ಆಂಟಿ ಕೇಳಿದರು.

"ಇವಳದ್ದು ಯಾಕೆ? ಉಳಿದವರದ್ದು ಬಿಚ್ಚು."

"ಅಜ್ಜನ ಲುಂಗಿ ಹಾಕಿಕೊಂಡು ಇಗರ್ಜಿಗೆ ಹೋಗುವುದಾ?" ಎಂದು ರೀಮಾ ಮುಖ ಊದಿಸಿದಳು. ಅಜ್ಜ ಉಟ್ಟಿದ್ದ ಲುಂಗಿಯನ್ನು ಬಿಗಿಯಾಗಿ ಹಿಡಿದುಕೊಂಡು ಹಿತ್ತಲಿಗೆ ನಡೆದರು. ಎಲ್ಲರಿಗಿಂತ ಮೊದಲು ನಕ್ಕವಳು ರೀಮಾಳೇ. ಆಂಟಿ ಗೊಣಗುತ್ತಲೇ ಎಲ್ಲ ಫ್ರಾಕುಗಳ ಎದುರು ಸೀಳಿ ಲುಂಗಿಯ ಪಟ್ಟಿ, ಬಿಳಿ ಗುಂಡಿ ಕೂರಿಸಿದರು.

ಹಬ್ಬದ ದಿನ ನಾನೂ ಅವರ ಜೊತೆ ಕೋಣೆಯೊಳಗೆ ಹೋದೆ. ಹೊರಗಿನಿಂದ ಅಮ್ಮ, "ಬರಬೇಕಾ ಬಾಯೆ?"

"ಬೇಡ ಮಮ್ಮಿ."

ಬಾಗಿಲು ತೆರೆದಾಗ ಅಮ್ಮ ಅಲ್ಲೇ ಇದ್ದಳು. ನನ್ನ ಒಂದು ಗುಂಡಿ ತಪ್ಪು ಕಾಜಕ್ಕೆ ಹೋಗಿತ್ತು. ಅಮ್ಮನ ಕೈ ಅದರ ಕಡೆಗೆ ಬಂತು, ಹಾಗೆಯೇ ಹಿಂದಕ್ಕೆ ಹೋಯಿತು.

ಈಗ ಮಣಿಪಾಲದಲ್ಲಿ ನನ್ನ ಬಟ್ಟೆಗಳನ್ನು ನಾನೇ ಹೊಲಿದುಕೊಳ್ಳುತ್ತೇನೆ, ಹಳೆಯ ಸೀರೆ, ಲುಂಗಿಗಳಿಂದ. "ಎಲ್ಲಿ ತೆಗೆದದ್ದು?" ಎಂದು ಯಾರಾದರೂ ಕೇಳಿದರೆ ಜಂಬವೂ ಆಗುತ್ತದೆ. ಮೊನ್ನೆ ಒಂದು ದೊಡ್ಡ ಅಂಗಡಿಗೆ ಹೋಗಿದ್ದೆ. ಅಲ್ಲಿನ ಹುಡುಗಿ ನನ್ನ ಕೈ ನೋಡಿ, ಪ್ರೀತಿಯಿಂದಲೇ, "ನಿಮಗೆ ಆ ಮೂಲೆಯಲ್ಲಿ ಬೇರೆಯೇ ಉಂಟು ಮೇಡಂ" ಎಂದಳು. ಎದುರು ಗುಂಡಿಯ ಅಂಗಿಗಳು. ಹೊಲಿಗೆ ಚೆನ್ನಾಗಿತ್ತು, ಒಂದನ್ನು ಕೊಂಡೆ ಕೂಡ. ಅಜ್ಜಿ, ಆಂಟಿ ಈಗಿಲ್ಲ. ಒಂದೇ ತಾನಿನ ಬಟ್ಟೆ ತೊಟ್ಟ ನಾವು ಒಂದೊಂದು ಊರಿನಲ್ಲಿದ್ದೇವೆ, ಹಬ್ಬಕ್ಕೆ ಅವರವರಿಗೆ ಬೇಕಾದ್ದು ತೊಡುತ್ತೇವೆ. ಆ ಮೂಲೆಯಲ್ಲಿ ನಿಂತಾಗ ಇಗರ್ಜಿಯ ಬೆಂಚಿನ ಹಳದಿ ಫ್ರಾಕುಗಳು ನೆನಪಾಗಿ ಕಣ್ಣು ತುಂಬಿತು. ಕೈ ಎತ್ತಲು ಯಾವ ತೊಂದರೆಯೂ ಇಲ್ಲದ ಆ ಹುಡುಗಿಯರೆಲ್ಲ ಅವತ್ತು ನನ್ನ ಗುಂಡಿಗಳನ್ನೇ ಹಾಕಿಕೊಂಡಿದ್ದರು.