ನೆರಳಲ್ಲಿ ಒಣಗಬೇಕಿದ್ದ ಬೀಜ

ಬೆಲ್ಲದ ನೀರಿನಲ್ಲಿ ಕೆಸರು ಕಲಸಿದರೆ ಒಂದು ವಾಸನೆ ಬರುತ್ತದೆ. ಹೊಲಸು ಎನ್ನುವಂತಿಲ್ಲ, ಚೆನ್ನಾಗಿದೆ ಎನ್ನಲೂ ಆಗದು. ಕಳೆದ ತಿಂಗಳು, ನಾವೀಗ ಇರುವ ಕಳಂಬೋಲಿಯ ಗಿಡಗಳ ಅಂಗಡಿಯಲ್ಲಿ ಅದು ಮೂಗಿಗೆ ಬಡಿದಾಗ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟು ನಿಂತುಬಿಟ್ಟೆ. ನಮ್ಮ ಬಾಲ್ಕನಿಯ ಕುಂಡಗಳಲ್ಲಿ ಏನು ನೆಟ್ಟರೂ ಎಲೆಯ ಅಂಚು ಸುಟ್ಟು ಹೋಗುತ್ತಿತ್ತು. ಮಣ್ಣಿನ ಮೇಲೆ ಬೆಳ್ಳಗೆ ಉಪ್ಪಿನ ಪೊರೆ. ಸೊಸೈಟಿಯ ಬೋರ್‌ವೆಲ್ ನೀರಿನ ಕೃಪೆ. ಅಂಗಡಿಯವನು ಬಟ್ಟಲೊಂದರಲ್ಲಿ ಕಲಸಿ ತೋರಿಸಿ, ಕಪ್ಪು ಪುಡಿಯ ಪೊಟ್ಟಣವೊಂದನ್ನು ಎತ್ತಿ ಹಿಡಿದು, ಇದರಲ್ಲಿ ಜೀವ ಇದೆ, ಬೆಲ್ಲದ ನೀರಲ್ಲಿ ಕಲಸಿ ಬೀಜಕ್ಕೆ ಸವರಿ, ಉಪ್ಪು ಮಣ್ಣಿನಲ್ಲೂ ಬೇರು ನಿಲ್ಲುತ್ತದೆ ಎಂದು ಹಿಂದಿಯಲ್ಲಿ ಭಾಷಣ ಬಿಗಿಯುತ್ತಿದ್ದ. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ನಾನು ಓದಬೇಕಾಗಿರಲಿಲ್ಲ. ನೆರಳಿನಲ್ಲಿ ಒಣಗಿಸಿ, ಬಿಸಿಲಿಗೆ ಇಡಬೇಡಿ. ಅದು ನನಗೆ ಹತ್ತು ವರ್ಷದಿಂದ ಬಾಯಿಪಾಠ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಉಡುಪಿ ಕಡೆಯಿಂದ ಮದುವೆಯಾಗಿ ಠಾಣೆ ಹತ್ತಿರದ ದಿವಾಕ್ಕೆ ಬಂದಿದ್ದೆ. ನಮ್ಮವರು ಠಾಣೆಯ ಒಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ನಸುಕಿಗೆ ಹೋದರೆ ಮನೆಗೆ ಬರುವಾಗ ನನಗೆ ಅರ್ಧ ನಿದ್ದೆ ಆಗಿರುತ್ತಿತ್ತು. ಒಂದು ಕೋಣೆ, ಒಂದು ಅಡುಗೆಮನೆ, ತಲೆಯ ಮೇಲೆ ಟೆರೇಸು. ಲೋಕಲ್ ರೈಲು ಹಾಯ್ದಾಗಲೆಲ್ಲ ಕಪಾಟಿನ ಲೋಟಗಳು ಗಲಗಲ ಎನ್ನುತ್ತಿದ್ದವು. ನಾನಂತೂ ಕೂತಲ್ಲಿ ಕೂರಲಾರದವಳು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ ಎಂದು ಅಮ್ಮ ಬೈಯುತ್ತಿದ್ದಳು. ಆ ಕೋಣೆಯಲ್ಲಿ ದಿನಕ್ಕೆ ಎರಡು ಸಲ ನೆಲ ಒರೆಸಿ, ಒರೆಸಿದ ನೆಲವನ್ನೇ ಮತ್ತೆ ನೋಡಿ, ಟೆರೇಸಿಗೆ ಹತ್ತಿ, ಇಳಿದು... ಹಾಗೆ ಸಂಜೆ ಮಾಡುತ್ತಿದ್ದೆ.

ಎದುರಿನ ಮನೆಯಲ್ಲಿ ಅವರಿದ್ದರು. ಇಡೀ ಬಿಲ್ಡಿಂಗಿಗೆ ಕಾಕಾ. ಗದಗಿನ ಕಡೆಯವರು, ಒಬ್ಬಂಟಿ, ನಿವೃತ್ತಿಗೆ ಒಂದೆರಡು ವರ್ಷ ಬಾಕಿ. ಠಾಣೆಯ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಗಾಜಿನ ಸಾಮಾನು ತೊಳೆಯುವುದು, ಹುಡುಗರ ಪ್ರಾಕ್ಟಿಕಲ್ಲಿಗೆ ಬ್ಯಾಕ್ಟೀರಿಯಾದ ಆಹಾರ ಬೇಯಿಸಿ ತಟ್ಟೆಗೆ ಹಾಕಿಡುವುದು ಅವರ ಕೆಲಸ. ನಾನೂ ನಿಮ್ಮಂಗ ಹೋಟೆಲ್ಲಿನವನ, ನನ್ನ ಗಿರಾಕಿ ಕಣ್ಣಿಗೆ ಕಾಣೂದಿಲ್ಲ ಅಷ್ಟ, ಎಂದು ನಮ್ಮವರನ್ನು ಛೇಡಿಸುತ್ತಿದ್ದರು.

ಒಂದು ದಿನ ಎರಡು ಬಾಟಲಿ ಹಿಡಿದುಕೊಂಡು ಬಾಗಿಲಿಗೆ ಬಂದರು. ಅವರ ಮನೆಯಲ್ಲಿ ಫ್ರಿಜ್ ಇರಲಿಲ್ಲ, ನಮ್ಮಲ್ಲಿತ್ತು. ಬಾಟಲಿಯಲ್ಲಿ ಗಂಜಿಯಂತೆ ಮಸುಕಾದ ನೀರು. ಏನೆಂದು ಕೇಳಿದರೆ, ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಂಡೆಯಲ್ಲಿ ಉಪ್ಪಿನಲ್ಲೇ ಬೆಳೆಯುವ ಒರಟು ಹುಲ್ಲಿನ ಬೇರಿಗೆ ಅಂಟಿದ್ದ ಮಣ್ಣಿನಿಂದ ಬೆಳೆಸಿದ ಬ್ಯಾಕ್ಟೀರಿಯಾ ಎಂದರು. ತಿನ್ನುವ ವಸ್ತುವಿನ ಪಕ್ಕ ಹುಳ ಇಡುವುದೇ ಎಂದು ನಾನು ಮುಖ ಸಿಂಡರಿಸಿದೆ. ಅವರು ನನ್ನ ದೋಸೆ ಹಿಟ್ಟಿನ ಪಾತ್ರೆಯ ಕಡೆ ಬೆರಳು ಮಾಡಿ, ರಾತ್ರಿ ಇದನ್ನು ಉಬ್ಬಿಸುವವರು ಯಾರು ಎಂದು ಕೇಳಿದರು. ಬಾಟಲಿಗಳು ಹಿಟ್ಟಿನ ಪಕ್ಕದಲ್ಲೇ ಕೂತವು.

ಆಮೇಲೆ ನಿಧಾನವಾಗಿ ಕತೆ ತಿಳಿಯಿತು. ಬಹಳ ಹಿಂದೆ ಅವರ ಕಾಲೇಜಿನ ಒಬ್ಬ ಪ್ರೊಫೆಸರು ಇದನ್ನು ಶುರು ಮಾಡಿ, ಬೇರೆ ಊರಿಗೆ ಹೋಗುವಾಗ ಅರ್ಧಕ್ಕೆ ಬಿಟ್ಟಿದ್ದರಂತೆ. ಕಾಕಾ ಬಿಡಲಿಲ್ಲ. ಪ್ರತಿ ಭಾನುವಾರ ಪ್ಯಾಂಟು ಮಡಚಿಕೊಂಡು ಖಾಡಿಯ ಕೆಸರಿಗೆ ಇಳಿಯುತ್ತಿದ್ದರು. ಕಿಟಕಿಯಲ್ಲಿ ಎರಡು ಪ್ಲಾಸ್ಟಿಕ್ ಗ್ಲಾಸು ಇಟ್ಟಿದ್ದರು. ಎರಡರಲ್ಲೂ ಅದೇ ಉಪ್ಪು ಮಣ್ಣು, ಅದೇ ಭತ್ತ. ಒಂದರಲ್ಲಿ ಪೈರು ಹಳದಿ ತಿರುಗಿ ಬಾಗಿತ್ತು. ಬಾಟಲಿಯ ನೀರು ಸವರಿ ಬಿತ್ತಿದ್ದರಲ್ಲಿ ಹಸಿರಾಗಿ ಗಟ್ಟಿ ನಿಂತಿತ್ತು. ನಾನು ನನ್ನ ಕಣ್ಣಾರೆ ನೋಡಿದ್ದೇನೆ. ಇದನ್ನು ಒತ್ತಿ ಹೇಳಲು ಕಾರಣವಿದೆ.

"ಗಿಡಾನೂ ನಿನ್ನಂಗ ತಂಗಿ," ಎಂದಿದ್ದರು ಅವತ್ತು. "ಉಪ್ಪು ತಾಗಿದ ಕೂಡಲೇ ಗಾಬರಿ ಬೀಳತೈತಿ. ಗಾಬರಿಗೇ ಅರ್ಧ ಸಾಯತೈತಿ. ಇವು ಬೇರಿಗೆ ಅಂಟ್ಕೊಂಡು, ಏನೂ ಆಗಿಲ್ಲ ಸುಮ್ಮನಿರು ಅಂತಾವ."

ಹಾಗಾದರೆ ನನಗೂ ಒಂದು ಚಮಚ ಕೊಡಿ ಕಾಕಾ ಎಂದೆ. ಇಬ್ಬರೂ ನಕ್ಕೆವು.

ದಿವಾ ಸ್ಟೇಷನ್ನಿನ ಹೊರಗೆ ಒಬ್ಬ ಮುದುಕಿ ಹರಿವೆ ಸೊಪ್ಪು ಮಾರುತ್ತಿದ್ದಳು. ಅಲ್ಲಿಯ ಮೂಲದವಳೇ, ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಅವಳಿಗೆ ಖಾಡಿಯ ಬದಿಗೆ ಒಂದು ಗದ್ದೆ ಇತ್ತು. ಉಬ್ಬರದ ನೀರು ತಡೆಯುವ ಒಡ್ಡು ಒಡೆದು, ಯಾರೂ ಕಟ್ಟಿಸದೆ, ಮೂರು ವರ್ಷದಿಂದ ಉಪ್ಪು ನೀರು ನುಗ್ಗಿ ಭತ್ತ ಸುಟ್ಟುಹೋಗುತ್ತಿತ್ತು. ಸುತ್ತಲಿನವರು ಬಿಲ್ಡರನಿಗೆ ಕೊಟ್ಟು ಕೈ ತೊಳೆದುಕೊಂಡಿದ್ದರು. ಅವಳ ಮಗನಿಗೂ ಅದೇ ಆಸೆ. ಈ ಮಳೆಗಾಲ ಪೈರು ಬಂದರೆ ಗದ್ದೆ ನಿನ್ನದು, ಬಾರದಿದ್ದರೆ ಸಹಿ ಹಾಕಬೇಕು ಎಂದು ಅವನು ತಾಯಿಗೆ ಕೊನೆಯ ಮಾತು ಹೇಳಿದ್ದ. ಮಾವಶಿ ಆ ಕೆಸರಲ್ಲೇ ಸೊಸೆಯಾಗಿ ಇಳಿದವಳು. ಸೊಪ್ಪು ಕೊಳ್ಳುತ್ತಾ ಇದನ್ನು ಕೇಳಿದ ಕಾಕಾ, ನಿನ್ನ ಬೀಜ ನನಗೆ ಕೊಡು ಎಂದು ಮಾತು ಕೊಟ್ಟು ಬಂದರು. ಆ ವಾರ ಅವರ ಮುಖ ನೋಡಬೇಕಿತ್ತು. ಇಷ್ಟು ವರ್ಷ ಗ್ಲಾಸಿನಲ್ಲಿ ಬೆಳೆಸಿದ್ದು ಮೊದಲ ಸಲ ನೆಲಕ್ಕೆ ಇಳಿಯುವುದಿತ್ತು.

ಮೊದಲ ಮಳೆಗಳು ಮೇಲಿನ ಉಪ್ಪನ್ನು ತೊಳೆದ ಮೇಲೆ ಬೀಜ ಎರಚುವುದು ಅಲ್ಲಿಯ ಪದ್ಧತಿ. ಎರಚುವ ಹಿಂದಿನ ದಿನ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲೇ ಕೂತು, ಅಗಲವಾದ ಪರಾತದಲ್ಲಿ ಬಾಟಲಿಯ ನೀರು, ಬೆಲ್ಲದ ನೀರು, ಸ್ವಲ್ಪ ಮಣ್ಣು ಕಲಸಿ, ಮಾವಶಿಯ ಬೀಜವನ್ನೆಲ್ಲ ಹೊರಳಿಸಿದರು. ಅವರ ಮನೆ ಸೋರುತ್ತಿತ್ತು, ಅದಕ್ಕೆ ನಮ್ಮಲ್ಲಿ. ಅಂದು ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ, ರಜೆ ಸಿಕ್ಕಿರಲಿಲ್ಲ. ಹಳೆಯ ಕಾಟನ್ ಸೀರೆ ಹಾಸಿ, ಬೀಜ ಹರವಿ, ಫ್ಯಾನ್ ಹಾಕಿ, ನನಗೆ ಒಪ್ಪಿಸಿ ಹೊರಟರು. ಮೆಟ್ಟಿಲವರೆಗೆ ಹೋದವರು ತಿರುಗಿ ಬಂದು, ನೆರಳಿನಲ್ಲೇ ಒಣಗಬೇಕು, ಬಿಸಿಲು ಬಿದ್ದರೆ ಅವು ಸಾಯುತ್ತವೆ ಎಂದು ಎರಡನೆಯ ಸಲ ಹೇಳಿದರು. ನಾನೇನು ಸಣ್ಣ ಮಗುವೇ ಎಂದು ಒಳಗೊಳಗೇ ಸಿಟ್ಟು ಬಂತು.

ಹತ್ತು ಗಂಟೆಗೆ ಕರೆಂಟು ಹೋಯಿತು. ದಿವಾದಲ್ಲಿ ಅದು ಹೊಸತಲ್ಲ. ಆದರೆ ಹನ್ನೊಂದಾಯಿತು, ಹನ್ನೆರಡಾಯಿತು, ಬರಲಿಲ್ಲ. ಗೋಡೆಯೇ ಬೆವರುವ ಜೂನ್ ತಿಂಗಳು. ಬೀಜ ಅಂಟಂಟಾಗಿ ಮುದ್ದೆ ಕಟ್ಟತೊಡಗಿತು. ಮುಟ್ಟಿದರೆ ಬೆಚ್ಚಗಿತ್ತು. ಬೂಷ್ಟು ಬಂದರೆ? ಕೊಳೆತರೆ? ಕಾಕಾ ಬಂದು ಏನೆಂದಾರು? ಬೀಸಣಿಗೆ ಹಿಡಿದು ಬೀಸಿದೆ, ಎದ್ದೆ, ಕೂತೆ, ಹೊರಳಿಸಿದೆ. ಮೊಬೈಲು ನಮ್ಮಲ್ಲೂ ಇರಲಿಲ್ಲ, ಅವರಲ್ಲೂ ಇರಲಿಲ್ಲ. ಅಷ್ಟರಲ್ಲಿ, ಎಂಟು ದಿನದಿಂದ ಮುಖ ತೋರಿಸದ ಸೂರ್ಯ ಫಳಕ್ಕನೆ ಹೊರಗೆ ಬಂದ.

ಮಳೆಗಾಲದಲ್ಲಿ ಒಂದು ಗಳಿಗೆ ಬಿಸಿಲು ಬಿದ್ದರೆ ನಮ್ಮ ಕರಾವಳಿಯ ಹೆಂಗಸರಿಗೆ ಏನಾಗುತ್ತದೆ ಎಂದು ಆ ಕಡೆಯವರಿಗೇ ಗೊತ್ತು. ತಲೆ ಕೆಲಸ ಮಾಡುವುದಿಲ್ಲ, ಕೈಕಾಲು ಮಾತ್ರ. ಹಾಸಿಗೆ, ಒದ್ದೆ ಬಟ್ಟೆ, ಮೇ ತಿಂಗಳಲ್ಲಿ ಅರ್ಧ ಒಣಗಿ ಮಳೆಗೆ ಸಿಕ್ಕ ಸಂಡಿಗೆ, ಎಲ್ಲವನ್ನೂ ಬಾಚಿಕೊಂಡು ಓಡುವುದು. ಅಮ್ಮ, ಅಜ್ಜಿ, ಎಲ್ಲರೂ ಹಾಗೆ ಓಡಿದವರೇ. ನಾನೂ ಟೆರೇಸಿಗೆ ಓಡಿದೆ. ಮೊದಲು ಸಂಡಿಗೆ. ಎರಡನೆಯ ಸಲಕ್ಕೆ, ಸೀರೆಯ ನಾಲ್ಕು ಮೂಲೆ ಹಿಡಿದು ಬೀಜ. ಕಾಕಾ ಹೇಳಿದ್ದು ನೆನಪಿರಲಿಲ್ಲವೇ? ನೆನಪಿತ್ತು. ಹತ್ತು ನಿಮಿಷಕ್ಕೆ ಏನಾಗುತ್ತದೆ ಎಂದುಕೊಂಡೆ. ಕಾದ ಸಿಮೆಂಟಿನ ಮೇಲೆ ಹತ್ತು ನಿಮಿಷ ಎರಡು ಗಂಟೆಯಾಯಿತು. ಗಾಳಿಗೆ ಸೀರೆ ಹಾರಿದ್ದು, ಪಕ್ಕದ ಸಂಡಿಗೆಯ ಹಾಳೆ ಮಗುಚಿದ್ದು, ಎಲ್ಲ ಬಾಚಿಕೊಂಡು ಇಳಿದದ್ದು... ಬೀಜ ಗರಿಗರಿ ಒಣಗಿತ್ತು. ಆಗ ನನಗೆ ಆದದ್ದು ಸಂತೋಷವೇ.

ಸಂಜೆ ಕಾಕಾ ಬಂದು ಒಂದು ಹಿಡಿ ಬೀಜ ಅಂಗೈಯಲ್ಲಿ ಹಾಕಿಕೊಂಡು ನೋಡಿದರು. ಇಷ್ಟು ಛಲೋ ಒಣಗೈತಲ್ಲ, ಒಳಗ ಇಟ್ಟಿದ್ದಿ ಹೌದಲ್ಲವಾ ಎಂದು ಕೇಳಿದರು. ನಾನು ಒಲೆಯ ಕಡೆ ತಿರುಗಿ ಚಹಾ ಸೋಸುತ್ತಾ ಹೇಳಿದೆ:

"ಹೌದು ಕಾಕಾ, ನೆರಳಲ್ಲೇ ಒಣಗಿಸಿದ್ದು."

ಮರುದಿನ ಅವರೂ ಮಾವಶಿಯೂ ಸೇರಿ ಗದ್ದೆಗೆ ಎರಚಿದರು. ಒಂದು ಕಿರಿದಾದ ಪಟ್ಟಿಗೆ ಮಾತ್ರ ಏನೂ ಸವರದ ಬೀಜ, ಹೋಲಿಸಿ ನೋಡಲಿಕ್ಕೆ. ಅಂದಿನಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಏನೋ ನೆಪ ಮಾಡಿ ವಾರಕ್ಕೊಂದು ಸಲ ಹಳಿ ದಾಟಿ ಗದ್ದೆಯ ಕಡೆ ಹೋಗಿ ಬರುತ್ತಿದ್ದೆ. ಮಳೆ ಜೋರಿರುವಷ್ಟು ದಿನ ಎಲ್ಲ ಹಸಿರೇ. ಬದುಕಿಕೊಂಡೆ ಎನಿಸುತ್ತಿತ್ತು. ಆಗಸ್ಟಿನಲ್ಲಿ ಮಳೆ ಹದಿನೈದು ದಿನ ಬಿಡುವು ಕೊಟ್ಟಾಗ ಉಪ್ಪು ಮೇಲೆದ್ದಿತು. ಎಲೆಯ ತುದಿ ಮೊದಲು ಹಳದಿ, ಆಮೇಲೆ ಒಣಹುಲ್ಲಿನ ಬಣ್ಣ. ಸವರಿದ ಬೀಜದ ಪೈರು, ಸವರದ ಬೀಜದ ಪೈರು, ಎರಡಕ್ಕೂ ಒಂದೇ ಬಣ್ಣ. ಕಾಕಾ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಬೇರು ಕಿತ್ತು ಕಿತ್ತು ನೋಡುತ್ತಿದ್ದರು. ಮಾವಶಿಗೆ ತಮ್ಮ ಒಡಕು ಮರಾಠಿಯಲ್ಲಿ, ತಪ್ಪು ನನ್ನದು, ಬಾಟಲಿಯಲ್ಲೇ ಎಲ್ಲೋ ಕೆಟ್ಟಿದೆ ಎಂದರು. ನಾನು ಮೂರು ಮಾರು ದೂರದಲ್ಲಿ ನಿಂತಿದ್ದೆ.

ದಸರೆ ಕಳೆದ ಮೇಲೆ ಮಾವಶಿ ಹೆಬ್ಬೆಟ್ಟು ಒತ್ತಿದಳು. ಸ್ಟೇಷನ್ನಿನ ಹೊರಗೆ ಅವಳು ಕೂರುತ್ತಿದ್ದ ಜಾಗದಲ್ಲಿ ಯಾರೋ ಮೊಬೈಲಿನ ಕವರು ಮಾರತೊಡಗಿದರು. ಕಾಕಾ ನಮ್ಮ ಫ್ರಿಜ್ಜಿನಿಂದ ಬಾಟಲಿ ತೆಗೆದುಕೊಂಡು ಹೋದರು, ಹೊಸದು ತರಲಿಲ್ಲ. ಭಾನುವಾರ ಮನೆಯಲ್ಲೇ ಇರುತ್ತಿದ್ದರು. ನಾನು ಸಂಡಿಗೆ ಕರಿದು ಕೊಟ್ಟರೆ ತಿನ್ನುತ್ತಿದ್ದರು, ಹರಟುತ್ತಿದ್ದರು, ಎಲ್ಲ ಮೊದಲಿನ ಹಾಗೇ. ಹೇಳಬೇಕು ಎಂದು ಎಷ್ಟು ಸಲ ಅವರ ಬಾಗಿಲಿಗೆ ಹೋಗಿ, ಸಕ್ಕರೆ ಕೇಳಿ ಹಿಂದಿರುಗಿದ್ದೇನೋ. ಆ ಗದ್ದೆಯೇ ಕೆಟ್ಟಿತ್ತು, ಹೇಗೂ ಬರುತ್ತಿರಲಿಲ್ಲ ಎಂದು ನನಗೆ ನಾನೇ ವಕೀಲಿಕೆ ಮಾಡಿಕೊಳ್ಳುತ್ತಿದ್ದೆ. ಆಗೆಲ್ಲ ಕಿಟಕಿಯ ಆ ಎರಡು ಗ್ಲಾಸು ಕಣ್ಣಿಗೆ ಬರುತ್ತಿದ್ದವು.

ಮುಂದಿನ ವರ್ಷ ಅವರ ನಿವೃತ್ತಿಯಾಯಿತು. ಗದಗಿನ ಹತ್ತಿರ ತಂಗಿಯ ಮನೆಗೆ ಹೊರಟರು. ಕಲ್ಯಾಣ ಸ್ಟೇಷನ್ನಿನಲ್ಲಿ ಗಾಡಿ ಹತ್ತಿಸಲು ನಾನೂ ನಮ್ಮವರೂ ಹೋಗಿದ್ದೆವು. ನಮ್ಮವರು ನೀರಿನ ಬಾಟಲಿ ತರಲು ಆ ಕಡೆ ಹೋದರು. ಕಿಟಕಿಯ ಸರಳಿನಾಚೆ ಕಾಕಾ, ಈಚೆ ನಾನು. ಬುತ್ತಿಯಲ್ಲಿ ಏನೈತಿ ಎಂದು ಕೇಳಿದರು. ಚಪಾತಿ, ಮೊಸರನ್ನ, ಸಂಡಿಗೆ ಎಂದೆ. ಅವರು ಸರಳಿನ ಹತ್ತಿರಕ್ಕೆ ಬಾಗಿ, ದನಿ ಇಳಿಸಿ ಹೇಳಿದರು.

"ಬೀಜದ ಚೀಲದಾಗ ಒಂದು ಸಂಡಿಗಿ ಚೂರು ಸಿಕ್ಕಿತ್ತು ತಂಗಿ. ಅದನ್ನ ಯಾರೂ ನೆರಳಾಗ ಒಣಗಿಸೂದಿಲ್ಲ."

ಯಾವಾಗ ಸಿಕ್ಕಿತು ಎಂದು ಕೇಳಿದೆ.

"ಬಿತ್ತೋ ದಿನಾನ. ಹೊಸದು ಬೆಳೆಸಾಕ ಟೈಮಿರಲಿಲ್ಲ. ಒಂದೀಟು ಉಳದಾವೇನೋ ಅಂತ ಬಿತ್ತಿದೆ." ಆಮೇಲೆ ಸರಳಿನ ಮೇಲಿದ್ದ ನನ್ನ ಕೈಯನ್ನು ಎರಡು ಬೆರಳಿನಿಂದ ತಟ್ಟಿದರು. "ಮಳಿಯಾಗ ಬಿಸಿಲು ಬಿದ್ದರ ಯಾರಿಗೆ ತಡಕೊಳ್ಳಾಕ ಆಗತೈತಿ, ಬಿಡು."

ಗಾಡಿ ಹೊರಟಿತು. ನಾಲ್ಕು ತಿಂಗಳು ನನ್ನ ಎದುರೇ ಆ ಗದ್ದೆಯನ್ನು ನೋಡಿಕೊಂಡು, ಮಾವಶಿಯ ಮುಂದೆ ತಪ್ಪನ್ನು ತಮ್ಮ ತಲೆಗೆ ಹಾಕಿಕೊಂಡು, ನನ್ನ ಕೈಯ ಸಂಡಿಗೆಯನ್ನೇ ತಿಂದು ಹೋದರು. ಕ್ಷಮಿಸಿ ಎಂಬ ಒಂದು ಮಾತನ್ನು ನಾನು ಆಡಲಿಲ್ಲ. ಕಾಗದ ಬರೆಯೋಣವೆಂದು ಕೂತು ಹರಿದು ಹಾಕಿದ್ದೆಷ್ಟೋ. ಮೂರು ವರ್ಷದ ಮೇಲೆ ಅವರ ತಂಗಿಯ ಫೋನು ಬಂತು. ಅಣ್ಣ ಹೋದ, ನಿಮ್ಮನ್ನು ಬಹಳ ನೆನೆಸುತ್ತಿದ್ದ ಎಂದರು... ಅಂದು ನಾನು ಅತ್ತದ್ದನ್ನು ನಮ್ಮವರು ಮೊದಲ ಸಲ ನೋಡಿ ಗಾಬರಿಯಾದರು. ಅವರಿಗೂ ಕಾರಣ ಹೇಳಲಿಲ್ಲ.

ಈಗ ನಾವು ಕಳಂಬೋಲಿಯಲ್ಲಿದ್ದೇವೆ. ಮಾವಶಿಯ ಗದ್ದೆ ಎಲ್ಲಿತ್ತೆಂದು ಲೋಕಲ್ಲಿನಿಂದ ಗುರುತು ಹಿಡಿಯಲು ಹೋದರೆ ಬಿಲ್ಡಿಂಗುಗಳೇ ಕಾಣುತ್ತವೆ.

ಪೊಟ್ಟಣ ಕೊಂಡು ತಂದೆ. ನಿನ್ನೆ ಬೆಳಿಗ್ಗೆ ಬೆಲ್ಲದ ನೀರು ಮಾಡಿ, ಪುಡಿ ಕಲಸಿ, ಒಂದು ಹಿಡಿ ಅಲಸಂಡೆ ಬೀಜ ಹೊರಳಿಸಿ, ಹಳೆಯ ಸೀರೆಯ ತುಂಡಿನ ಮೇಲೆ ಒಳಗಿನ ಕೋಣೆಯಲ್ಲಿ ಹರವಿದೆ. ಮಧ್ಯಾಹ್ನ ಬಿಸಿಲು ಬಂತು. ಎದುರಿನ ಬಾಲ್ಕನಿಗಳಲ್ಲಿ ದಡಬಡ, ದಿಂಬು, ಚಾದರ. ನನ್ನ ಕಾಲು ತಾನಾಗಿ ಎದ್ದಿತು. ಕೂರಿಸಿದೆ. ಮತ್ತೆ ಎದ್ದಿತು, ಮತ್ತೆ ಕೂರಿಸಿದೆ. ಬೀಜದ ಪಕ್ಕದಲ್ಲೇ ನೆಲದ ಮೇಲೆ, ಎರಡೂ ಕೈ ತೊಡೆಯ ಕೆಳಗೆ ಸಿಕ್ಕಿಸಿಕೊಂಡು, ಆ ಬಿಸಿಲು ಬಂದು ಹೋಗುವವರೆಗೆ ಕೂತಿದ್ದೆ.

ಸಂಜೆಗೆ ಬೀಜ ಒಣಗಿತ್ತು. ಒಂದು ಹಿಡಿ ಅಂಗೈಯಲ್ಲಿ ಹಾಕಿಕೊಂಡು, ಯಾರೂ ಇಲ್ಲದ ಕೋಣೆಯಲ್ಲಿ ಜೋರಾಗಿಯೇ ಹೇಳಿದೆ: "ಹೌದು ಕಾಕಾ, ನೆರಳಲ್ಲೇ ಒಣಗಿಸಿದ್ದು."