ಅರ್ಧ ಪುಗಡಿ

ಬಾಲಮ್ಮ ಹೊಲಿಯುತ್ತಿದ್ದದ್ದು ಲಂಗಗಳನ್ನಲ್ಲ, ಲಂಗಗಳ ಅಂಚುಗಳನ್ನು.

ಶಿವಾಜಿನಗರದ ಗಲ್ಲಿಯೊಂದರಲ್ಲಿ ಅಹ್ಮದ್ ಪಾಷಾ ನಾಟಕ, ಡಾನ್ಸಿನ ಉಡುಪುಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಅವರ ಅಂಗಡಿಯಲ್ಲಿ ದೊಡ್ಡ ಘೇರಿನ ಹನ್ನೆರಡು ಲಂಗಗಳಿದ್ದವು. ಟೀವಿಯ ಡಾನ್ಸ್ ಕಾಂಪಿಟಿಷನ್ ಶುರುವಾದ ಮೇಲೆ ಆ ಹನ್ನೆರಡು ಲಂಗಗಳಿಗೆ ವಾರಕ್ಕೊಂದು ನಾಡು. ಒಂದು ಭಾನುವಾರ ಗುಜರಾತ್, ಇನ್ನೊಂದು ಭಾನುವಾರ ಪಂಜಾಬ್, ಮತ್ತೊಂದು ಭಾನುವಾರ ಈಜಿಪ್ಟ್. ಬಾಲಮ್ಮ ಕನ್ನಡಿ ಚೂರಿನ ಅಂಚು ಕಟ್ಟಿದರೆ ಗುಜರಾತ್, ಜರಿಯ ಗೊಂಡೆ ಕಟ್ಟಿದರೆ ಪಂಜಾಬ್, ಬಿಲ್ಲೆ ಪೋಣಿಸಿದರೆ ಈಜಿಪ್ಟ್. ಅಂಚಿಗೆಲ್ಲ ಟಿಚ್ ಬಟನ್. ಶೂಟಿಂಗ್ ಮುಗಿದ ಕೂಡಲೇ ಕಿತ್ತು ಇನ್ನೊಂದು ಹಾಕಬಹುದು.

"ಇದೇ ಲಂಗ ಹೋದ ವಾರಾನೂ ಬಂದಿತ್ತು ಅಂತ ನೋಡಾವ್ರಿಗೆ ಗೊತ್ತಾಗಂಗಿಲ್ಲೇನ್ರಿ?" ಎಂದು ಬಾಲಮ್ಮ ಒಮ್ಮೆ ಕೇಳಿದ್ದಳು.

"ಅರೆ ಬಾಲಮ್ಮಾ, ಯಾವ್ ದೇಶ ಆದ್ರೂ ಸೊಂಟ ಒಂದೇ ಅಲ್ವಾ?" ಎಂದು ಪಾಷಾ ನಕ್ಕಿದ್ದರು.

ಬಾಲಮ್ಮನ ಮನೆ ಹಲಸೂರಿನ ವಠಾರವೊಂದರಲ್ಲಿ ಒಂದೇ ಕೋಣೆ. ಒಂದು ಗೋಡೆಗೆ ಹೊಲಿಗೆ ಮಷಿನು, ಎದುರು ಗೋಡೆಗೆ ಸ್ಟವ್ವು, ನಡುವೆ ನಾಲ್ಕು ಜನ ಮಲಗುವ ಜಾಗ. ಎರಡು ದಿನಕ್ಕೊಮ್ಮೆ ಬೆಳಿಗ್ಗೆ ಐದೂವರೆಗೆ ನೀರು. ಹತ್ತು ಕೊಡ ಹಿಡಿದಿಟ್ಟು, ಹದಿನಾರು ಜೋಳದ ರೊಟ್ಟಿ ಬಡಿದು, ಮಕ್ಕಳಿಬ್ಬರನ್ನು ಶಾಲೆಗೆ ಕಳಿಸಿ, ಗಂಡ ಹುಲಿಗೆಪ್ಪನ ಬುತ್ತಿ ಕಟ್ಟಿದ ಮೇಲೆ ಅವಳು ಮಷಿನಿಗೆ ಕೂರುವಳು. ಸಂಜೆ ಅದೇ ಕೆಲಸ ಕೊನೆಯಿಂದ ಮೊದಲಿಗೆ. ಹುಲಿಗೆಪ್ಪ ಇಂದಿರಾನಗರದ ಕಡೆ ಏಳುವ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸದವನು. ಕೆಟ್ಟವನಲ್ಲ. ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ಉಂಡ ತಟ್ಟೆಯನ್ನೂ ಎತ್ತುತ್ತಿರಲಿಲ್ಲ. ಹೆಂಡತಿಯ ಬಗ್ಗೆ ಯಾರಾದರೂ ಕೇಳಿದರೆ "ಅಕಿ ಮನ್ಯಾಗ ಇರ್ತಾಳ" ಅನ್ನುತ್ತಿದ್ದ. ಮಷಿನಿನ ಸದ್ದು ಅವನಿಗೆ ಫ್ಯಾನಿನ ಸದ್ದಿನ ಹಾಗೆ ಅಭ್ಯಾಸವಾಗಿತ್ತು.

ವರ್ಷಕ್ಕೆ ಐದು ದಿನ ಮಾತ್ರ ಅವಳು ಒಲೆಯ ಮುಂದೆ ಕೂರದ ದಿನಗಳು. ನಾಗರ ಪಂಚಮಿಗೆ ಅಣ್ಣ ಮಾನಪ್ಪ ಕುಷ್ಟಗಿ ಕಡೆಯ ತಮ್ಮೂರಿನಿಂದ ಬಂದು ಕರೆದೊಯ್ಯಬೇಕು. ಅಣ್ಣ ಕರೆಯದೆ ಹೆಣ್ಣುಮಗಳು ತಾನಾಗಿ ಹೋಗುವಂತಿಲ್ಲ. ಮೂರು ವರ್ಷದಿಂದ ಅವಳಿಗೆ ಆ ಐದು ದಿನವೂ ಸಿಕ್ಕಿರಲಿಲ್ಲ. ಒಮ್ಮೆ ಮಗಳಿಗೆ ದಡಾರ, ಒಮ್ಮೆ ಗಂಡನ ಕಾಲಿಗೆ ಹಲಗೆ ಬಿದ್ದದ್ದು, ಹೋದ ವರ್ಷ ಟೀವಿಯವರ ಅರ್ಜೆಂಟು. ಈ ಸಲ ಬಿಡುವುದಿಲ್ಲ ಎಂದು ಯುಗಾದಿಯಲ್ಲೇ ಅಣ್ಣನಿಗೆ ಹೇಳಿಟ್ಟಿದ್ದಳು. ಅವನೂ ಒಪ್ಪಿದ್ದ. ಹಬ್ಬಕ್ಕೆ ಮೂರು ವಾರ ಇತ್ತು.

ಅಂಚುಗಳ ಗಂಟು ಹೊತ್ತು ಅಂಗಡಿಗೆ ಹೋದ ಒಂದು ದಿನ ಅಲ್ಲಿ ಡಾನ್ಸ್ ಮಾಸ್ಟರ್ ಲಕ್ಷ್ಮಿಕಾಂತ ಕೂತಿದ್ದ. ಜೀವನ್ ಬಿಮಾ ನಗರದಲ್ಲಿ ಕ್ಲಾಸು ನಡೆಸುವವನು, ಟೀವಿಯ ಹುಡುಗಿಯರಿಗೆ ಹೆಜ್ಜೆ ಹೇಳಿಕೊಡುವವನು. ಜೊತೆಗೆ ಅವನ ಅಸಿಸ್ಟೆಂಟ್ ರೇವತಿ.

"ಮುಂದಿನ ರೌಂಡ್ ಉತ್ತರ ಕರ್ನಾಟಕ ಪಾಷಾ ಭಾಯ್. ಡೊಳ್ಳು ಗಿಳ್ಳು ಎಲ್ಲಾ ಮಾಡಾಯ್ತು. ಲೇಡೀಸ್‌ದು ಏನಾದ್ರೂ ಹೊಸದು ಬೇಕು."

"ಇವ್ಳೇ ಇದಾಳಲ್ಲ, ಆ ಕಡೆಯವ್ಳು. ಕೇಳಿ."

ಲಕ್ಷ್ಮಿಕಾಂತ ತಿರುಗಿದ. "ಆಂಟಿ, ನಿಮ್ ಕಡೆ ಹೆಂಗಸ್ರು ಯಾವ್ ಡಾನ್ಸ್ ಮಾಡ್ತಾರೆ?"

"ಡಾನ್ಸ್ ಏನಿಲ್ರಿ. ಪಂಚಮಿಗೆ ಪುಗಡಿ ಆಡ್ತೀವಿ."

"ತೋರ್ಸಿ."

ಅವಳನ್ನು ಬೆಂಗಳೂರಿನಲ್ಲಿ ಯಾರೂ ಏನನ್ನೂ ತೋರಿಸು ಎಂದು ಕೇಳಿರಲಿಲ್ಲ. ಬಾಲಮ್ಮ ಸೆರಗು ಸಿಗಿಸಿಕೊಂಡು, ತೂಗುಹಾಕಿದ ಉಡುಪುಗಳ ನಡುವೆ ರೇವತಿಯನ್ನು ಎದುರು ನಿಲ್ಲಿಸಿಕೊಂಡಳು. ಕೈ ಅಡ್ಡಡ್ಡ ಹಿಡಿಯಬೇಕು. ಹೆಬ್ಬೆರಳಿಗೆ ಹೆಬ್ಬೆರಳು ತಾಗುವಷ್ಟು ಪಾದ ಹತ್ತಿರ ಇಡಬೇಕು. ಆಮೇಲೆ ಇಬ್ಬರೂ ಮೈಯನ್ನು ಹಿಂದಕ್ಕೆ ಚೆಲ್ಲಿ ಗಿರಗಿರ ತಿರುಗಬೇಕು.

"ಕೈ ಬಿಡಬ್ಯಾಡವಾ. ನನ್ನ ಭಾರ ನಿನ್ನ ಕೈಯಾಗ, ನಿನ್ನ ಭಾರ ನನ್ನ ಕೈಯಾಗ. ಒಬ್ಬಾಕಿ ಬಿಟ್ರ ಇಬ್ರೂ ಬೀಳ್ತೀವಿ."

ರೇವತಿ ಕಿರುಚುತ್ತ, ನಗುತ್ತ ತಿರುಗಿದಳು. ನಿಂತಾಗ ಬಾಲಮ್ಮನ ಮುಖ ಕೆಂಪಾಗಿತ್ತು. "ಬರೇ ತಿರುಗೂದಲ್ರಿ. ನಡುವ ಹಾಸ್ಯ ಹೇಳಬೇಕು. ಎದುರಿಗಿದ್ದಾಕಿ ಹೆಸರು ಹಿಡದ ಹೇಳಬೇಕು. ಹೆಸರಿಲ್ಲಂದ್ರ ಆಟ ಇಲ್ಲ." ಲಕ್ಷ್ಮಿಕಾಂತ ಮೊಬೈಲ್ ಎತ್ತಿ ಅವಳ ಕಡೆ ಹಿಡಿದ. ಅವಳು ವರ್ಷವರ್ಷವೂ ಹೇಳುತ್ತಿದ್ದದ್ದನ್ನೇ ಹೇಳಿದಳು:

"ಅಣ್ಣನ ಹೇಣ್ತಿ ಸುಭದ್ರಮ್ಮ, ರೊಟ್ಟಿ ಬಡಿ ಅಂದ್ರ ನೆಲಾ ಬಡದ್ಲು!"

"ಸುಭದ್ರಮ್ಮ ಯಾರು?"

"ನಮ್ಮ ಅತ್ತಿಗಿ ರೀ. ಅಣ್ಣ ಮಾನಪ್ಪನ ಹೇಣ್ತಿ. ಅದಕ್ಕ ಅಕಿ ನನಗ ತಿರುಗಿಸಿ ಏನಂತಾಳಂದ್ರ..."

ಅಷ್ಟರಲ್ಲಿ ಮೊಬೈಲ್ ರಿಂಗಾಯಿತು. ಲಕ್ಷ್ಮಿಕಾಂತ ಮಾತಾಡುತ್ತ ಹೊರಗೆ ಹೋದ. ಸುಭದ್ರಮ್ಮನ ಉತ್ತರವನ್ನು ಬಾಲಮ್ಮ ರೇವತಿಗಷ್ಟೇ ಹೇಳಿದಳು: "ಬೆಂಗಳೂರಿನ ಬಾಲಮ್ಮ, ಅನ್ನಾ ಉಂಡು ಉಂಡು ಅನ್ನದಂಗ ಬೆಂದ್ಲು!" ರೇವತಿ ನಕ್ಕಳು. ಹೊರಡುವ ಮೊದಲು ಬಾಲಮ್ಮನ ಹೆಸರು, ತಾಲ್ಲೂಕು ಬರೆದುಕೊಂಡಳು.

ಆ ವಾರದ ಆರ್ಡರ್ ಚೀಟಿಯಲ್ಲಿ ಇಳಕಲ್ ಸೀರೆಯ ಸೆರಗಿನಂತೆ ಕಾಣುವ ಅಂಚು ಹನ್ನೆರಡು ಇದ್ದವು. ಕೊನೆಯಲ್ಲಿ 'ಹೊಟ್ಟೆ - 1' ಎಂದು ಬರೆದಿತ್ತು. ಹತ್ತಿ ತುಂಬಿ ಸೊಂಟಕ್ಕೆ ಕಟ್ಟಿಕೊಳ್ಳುವ ದಿಂಬು. ಯಾವನೋ ಸಾಹುಕಾರನ ಪಾತ್ರ ಇರಬೇಕು ಎಂದುಕೊಂಡು ಬಾಲಮ್ಮ ಗುಂಡಗೆ ಚೆನ್ನಾಗಿಯೇ ಹೊಲಿದುಕೊಟ್ಟಳು.

ಹಬ್ಬಕ್ಕೆ ಎಂಟು ದಿನ ಇರುವಾಗ, ಭಾನುವಾರ ಸಂಜೆ, ಟೀವಿಯಲ್ಲಿ ಉತ್ತರ ಕರ್ನಾಟಕ ಬಂತು. ಮಕ್ಕಳು ಮುಂದೆ, ಹುಲಿಗೆಪ್ಪ ಗೋಡೆಗೆ ಒರಗಿ, ಬಾಲಮ್ಮ ಹಿಟ್ಟು ನಾದುತ್ತ. ಹುಲ್ಲಿನ ಗುಡಿಸಲು, ಎತ್ತಿಲ್ಲದ ಬಂಡಿ, ಸಾಲುಸಾಲು ಮಡಕೆ. ಅವಳ ಊರಿನಲ್ಲಿ ಕಲ್ಲಿನ ಮನೆಗಳಿದ್ದವು. ಹುಡುಗಿಯರು ಹನ್ನೆರಡು ಜನ, ಹಳೆಯ ಲಂಗಗಳು, ಹೊಸ ಅಂಚುಗಳು. ಪಂಜಾಬಿನ ವಾರದ ಢೋಲು ಇಲ್ಲಿಯೂ ಬಡಿಯುತ್ತಿತ್ತು. ಎಲ್ಲರೂ ಸೊಂಟದ ಮೇಲೆ ಕೈಯಿಟ್ಟು "ಯಾಕಲೇ, ಯಾಕಬೇ" ಎಂದು ಬೈದಾಡುತ್ತಿದ್ದರು. ಆ ಕಡೆಯ ಹೆಂಗಸರಿಗೆ ಬೇರೆ ಮಾತೇ ಇಲ್ಲವೆನ್ನುವ ಹಾಗೆ. ಆಮೇಲೆ ನಡುವಿನಿಂದ ಸೀರೆಯುಟ್ಟ ಒಬ್ಬ ಹುಡುಗ ಬಂದ. ಒಂದು ಹಲ್ಲಿಗೆ ಕಪ್ಪು. ಸೊಂಟಕ್ಕೆ ಹೊಟ್ಟೆ. ಬಾಲಮ್ಮನ ಕೈ ಹಿಟ್ಟಿನಲ್ಲಿ ನಿಂತಿತು. ದಿಂಬಿನ ದಾರ ಅವಳು ಹೊಲಿದ ಜಾಗದಲ್ಲೇ ಬಿಗಿದಿತ್ತು.

"ಅಣ್ಣನ ಹೇಣ್ತಿ ಸುಭದ್ರಮ್ಮಾ!" ಎಂದು ಹನ್ನೆರಡು ಜನ ಒಟ್ಟಿಗೆ ಕೂಗಿದರು. ಅವನು ಕೂತು ನೆಲ ಬಡಿದ. ಅವನನ್ನು ಎಬ್ಬಿಸಿ, ಕೈ ಹಿಡಿದು ತಿರುಗಿಸಿ, ಬೇಕೆಂದೇ ಕೈಬಿಟ್ಟರು. ಅವನು ಹೊಟ್ಟೆ ಮೇಲಾಗಿ ಬಿದ್ದ. ಮತ್ತೆ ಎಬ್ಬಿಸಿದರು, ಮತ್ತೆ ಬಿಟ್ಟರು. ಸುಭದ್ರಮ್ಮ ತಿರುಗಿಸಿ ಒಂದು ಮಾತೂ ಆಡಲಿಲ್ಲ. ಜಡ್ಜುಗಳು ನಕ್ಕು ಕಣ್ಣೊರೆಸಿಕೊಂಡರು. ಒಬ್ಬರು "ಆ ಮಣ್ಣಿನ ವಾಸನೆ ಇಲ್ಲೀತನಕ ಬಂತು" ಎಂದರು. ನಿರೂಪಕಿ ಮೈಕ್ ಹಿಡಿದು, "ಈ ಅಪ್ಪಟ ಜನಪದ ಕಲೆಯನ್ನು ನಮ್ಮ ತಂಡಕ್ಕೆ ಕಲಿಸಿಕೊಟ್ಟವರು ಕುಷ್ಟಗಿ ತಾಲ್ಲೂಕಿನ ಬಾಲಮ್ಮ. ಅವರಿಗೊಂದು ಚಪ್ಪಾಳೆ!" ಎಂದಳು.

"ಲೇ, ನಿನ್ನ ಹೆಸರು!" ಹುಲಿಗೆಪ್ಪ ಎದ್ದೇ ನಿಂತ. ಮಕ್ಕಳು ಕುಣಿದವು. ವಠಾರದವರು ಬಾಗಿಲಿಗೆ ಬಂದರು. ಬಾಲಮ್ಮ ರೊಟ್ಟಿ ಬಡಿದಳು. ಅವಳ ತಲೆಯಲ್ಲಿ ಹಿಂದಿನ ವಾರಗಳೆಲ್ಲ ಸುತ್ತುತ್ತಿದ್ದವು. ಪಂಜಾಬಿನವರು ಯಾವಾಗಲೂ ಹೊಲದಲ್ಲಿ ನಗುತ್ತಲೇ ಇರುತ್ತಾರೆ, ಆಫ್ರಿಕಾದವರು ಎಲೆ ಸುತ್ತಿಕೊಂಡು ಬೆಂಕಿಯ ಸುತ್ತ ಹಾರುತ್ತಾರೆ ಎಂದೇ ನಂಬಿ ಅವಳು ಆ ಎಲೆಗಳನ್ನು ಹೊಲಿದಿದ್ದಳು. ಈಗ ಅಲ್ಲಿಯೂ ಯಾವಳೋ ಒಬ್ಬಳು ಹೀಗೆಯೇ ಹಿಟ್ಟಿನಲ್ಲಿ ಕೈಯಿಟ್ಟು ಕೂತಿರಬೇಕು ಅನ್ನಿಸಿತು.

ಮರುದಿನ ಪಾಷಾ ಅಂಗಡಿಯ ಫೋನಿನಿಂದ ಲಕ್ಷ್ಮಿಕಾಂತನಿಗೆ ಮಾತಾಡಿದಳು.

"ಆಂಟಿ, ಎಪಿಸೋಡ್ ಸೂಪರ್ ಹಿಟ್! ನಿಮ್ ಹೆಸ್ರೂ ಹೇಳ್ಸಿದೀನಿ, ನೋಡಿದ್ರಾ?"

"ನೋಡಿದ್ನಿರೀ. ಅಕಿ ಉತ್ತರ ಎಲ್ಲಿ ಹೋತ್ರಿ?"

"ಯಾವ್ ಉತ್ತರ?"

"ಸುಭದ್ರಮ್ಮ ತಿರುಗಿಸಿ ಅನ್ನೂದು. ಅದಿಲ್ಲಂದ್ರ ಅದು ಅರ್ಧಾ ರೀ. ಬರೇ ಬೈದಂಗ ಆಕ್ಕತಿ."

"ಮೂರೇ ನಿಮಿಷ ಆಂಟಿ, ಎಲ್ಲಾ ಹಾಕಕ್ಕಾಗಲ್ಲ."

"ಅಕಿಗೆ ಹೊಟ್ಟೀನೂ ಇಲ್ರಿ. ತೆಳ್ಳಗ ಅದಾಳ."

"ಅಯ್ಯೋ, ಅದು ಕ್ಯಾರೆಕ್ಟರ್ ಆಂಟಿ! ನಿಮ್ಮತ್ಗೆ ಅಂತ ಯಾರಿಗ್ ಗೊತ್ತಾಗತ್ತೆ?"

ಊರಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ ಎಂದು ಹೇಳುವಷ್ಟರಲ್ಲಿ ಅವನಿಗೆ ಇನ್ನೊಂದು ಕಾಲ್ ಬಂದಿತ್ತು. ಪಾಷಾ ಫೋನು ಬದಿಗಿಟ್ಟು, "ಹಬ್ಬಕ್ಕೆ ಹೋಗ್ಬಾ ಬಾಲಮ್ಮಾ. ಎದ್ರುಬದ್ರು ಕೂತ್ರೆ ಎಲ್ಲಾ ಸರಿಹೋಗುತ್ತೆ" ಎಂದರು. ಅವಳಿಗೂ ಹಾಗೇ ಅನ್ನಿಸಿತು. ಅಣ್ಣ ಬರಲಿ. ಬಸ್ಸಿನಲ್ಲಿ ಅವನಿಗೆ ಹೇಳಬಹುದು. ಮನೆಗೆ ಹೋದ ಕೂಡಲೇ ಅತ್ತಿಗೆಯ ಕೈ ಹಿಡಿಯಬಹುದು.

ಗುರುವಾರದವರೆಗೆ ಊರಿನಿಂದ ಫೋನ್ ಬರಲಿಲ್ಲ. ಅವಳು ಕೆಲಸವನ್ನೆಲ್ಲ ಮುಗಿಸಿ ಕೊಟ್ಟಳು, ಮಕ್ಕಳ ಶಾಲೆಗೆ ರಜೆ ಹೇಳಿದಳು, ಚೀಲಕ್ಕೆ ಸೀರೆ ತುಂಬಿದಳು. ಗುರುವಾರ ಸಂಜೆ ಹುಲಿಗೆಪ್ಪನ ಮೊಬೈಲಿಗೆ ಬಂದ ಫೋನು ಅಣ್ಣನದಲ್ಲ.

"ಬಾಲವ್ವಾ, ನಾನ. ನೆಲಾ ಬಡಿಯಾಕಿ."

"ಅತ್ತಿಗಿ! ನನ್ನ ಮಾತು ಕೇಳು. ಅವರು ಅದನ್ನ ಕೆಡಿಸಿಬಿಟ್ರು..."

"ನೀ ಹೇಳಿಕೊಟ್ಟಿಯೋ ಇಲ್ಲೋ?"

"ಕೊಟ್ಟೇನಿ. ನಿನ್ನ ಉತ್ತರಾನೂ ಹೇಳಿದ್ದೆ, ದೇವರಾಣಿ."

"ಅದನ್ನ ಇಲ್ಲಿ ಯಾರೂ ಕೇಳಿಲ್ಲ ತಂಗಿ. ಓಣಿ ಹುಡುಗ್ರು ಅಂಗಿ ಒಳಗ ದಿಂಬು ಹಾಕ್ಕೊಂಡು ನಮ್ಮ ಮನಿ ಮುಂದ ಬೀಳಾಕತ್ಯಾವ. ನಿಮ್ಮಣ್ಣ ಮೊದಲ್ನೇ ದಿನ ತಾನೂ ನಕ್ಕ. ಎರಡನೇ ದಿನ ಚಾ ಅಂಗಡ್ಯಾಗ ಅವನ್ನ ಕಾಡಿಸಿದ್ರಂತ, ಅವಾಗ ಸಿಟ್ಟು ಬಂತು. 'ಅಕಿನ್ನ ಕರಿಯಾಕ ಹೋಗಂಗಿಲ್ಲ' ಅಂತ ಒದರಿದ."

"ನೀ ಒಂದ್ ಮಾತು ಹೇಳು ಅತ್ತಿಗಿ. ನಿನ್ನ ಮಾತು ಕೇಳ್ತಾನ."

"ಅವನ ಸಿಟ್ಟು ಮಂಗಳವಾರನ ಇಳೀತು. ಈಗ ಇರಾಂಗಿಲ್ಲಂದಾಕಿ ನಾನು." ಸುಭದ್ರಮ್ಮನ ದನಿ ಮೆಲ್ಲಗಾಯಿತು. "ಹದಿಮೂರು ಪಂಚಮಿ ಆತು, ನಿಮ್ಮ ಮನ್ಯಾಗ ಉಂಡಿ ಕಟ್ಟಾಕ ಹತ್ತಿ. ಮನಿ ಹೆಣ್ಣುಮಕ್ಳು ಬರ್ತಾರ, ನೀ ಎಲ್ಲಿಗೆ ಹೊಂಟಿ ಅಂತಾರ. ನಾನೂ ಯಾರದೋ ಮನಿ ಹೆಣ್ಣುಮಗಳಲ್ಲೇನು? ಈ ಸಲ ಅಂದೆ, 'ನನ್ನ ಮಾನ ಹೋಗೈತಿ, ಈ ಓಣ್ಯಾಗ ಹಬ್ಬ ಮಾಡಾಂಗಿಲ್ಲ, ತವರಿಗೆ ಹೋಗ್ತೇನಿ' ಅಂತ. ನಿಮ್ಮಣ್ಣಗ ಬ್ಯಾಡ ಅನ್ನಾಕ ಬಾಯಿ ಇಲ್ಲ. ನಿಮ್ಮವ್ವಗೂ ಇಲ್ಲ. ನಾಳೆ ನಮ್ಮ ತಮ್ಮ ಕರಿಯಾಕ ಬರ್ತಾನ."

ಬಾಲಮ್ಮ ಸೀರೆ ತುಂಬಿದ ಚೀಲವನ್ನು ಕಾಲಿನಿಂದ ಗೋಡೆಯತ್ತ ಸರಿಸಿದಳು.

"ನೀ ಬರೂದಾದ್ರ ಬಾ" ಎಂದಳು ಸುಭದ್ರಮ್ಮ. "ಕರಿಯಾಕ ಹೋಗು ಅಂತ ನಿಮ್ಮಣ್ಣಗ ಹೇಳ್ತೇನಿ. ಆದ್ರ ಅವ್ವಗ ಮೊಣಕಾಲು ಬ್ಯಾನಿ. ಅಡಗಿ ಎಲ್ಲಾ ನೀನ ಮಾಡಬೇಕಾಕ್ಕತಿ. ಎಮ್ಮಿ ಎರಡು ಅದಾವ. ನಿಮ್ಮಕ್ಕನೂ ಮಕ್ಕಳನ್ನ ಕರಕೊಂಡು ಬರಾಕತ್ತಾಳ."

ಎಷ್ಟೋ ಪಂಚಮಿಗಳಲ್ಲಿ ಬಾಲಮ್ಮ ಅತ್ತಿಗೆಯ ಕೈ ಹಿಡಿದು ತಿರುಗಿದ್ದಳು. ಆ ಕೈಗಳಿಗೆ ಪ್ರತಿ ಸಲವೂ ಹಿಟ್ಟು ಮೆತ್ತಿರುತ್ತಿತ್ತು. ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಒಳಗಿನಿಂದ ಯಾರಾದರೂ ಕರೆಯುತ್ತಿದ್ದರು, ಸುಭದ್ರಮ್ಮ ಓಡುತ್ತಿದ್ದಳು, ಬಾಲಮ್ಮ ಇನ್ನೊಬ್ಬಳ ಕೈ ಹಿಡಿಯುತ್ತಿದ್ದಳು. ಯಾಕೆ ಓಡುತ್ತಾಳೆ ಎಂದು ಕೇಳಿದ ನೆನಪಿಲ್ಲ.

"ಹೋಗಿ ಬಾ ಅತ್ತಿಗಿ."

"ಸಿಟ್ಟಾದೇನು?"

"ಇಲ್ಲ."

ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಹುಡುಕಿದರೆ ಹೊರಿಸಲು ಒಬ್ಬರೂ ಸಿಗಲಿಲ್ಲ. ಅಲ್ಲಿಗೆ ಹೋದರೆ ಅತ್ತಿಗೆಯ ಒಲೆ, ಇಲ್ಲಿ ಉಳಿದರೆ ತನ್ನ ಒಲೆ. ಒಬ್ಬಳು ಅಂಗಳಕ್ಕೆ ಬಂದರೆ ಇನ್ನೊಬ್ಬಳು ಒಳಗೆ ಹೋಗಬೇಕು. ತನ್ನ ಐದು ದಿನವನ್ನು ಇಷ್ಟು ವರ್ಷ ಯಾರು ತೆತ್ತಿದ್ದರು ಎಂದು ಗೊತ್ತಾದ ಮೇಲೆ ಅದನ್ನು ಮತ್ತೆ ಕೊಡು ಎಂದು ಕೇಳುವ ಬಾಯಿಯೂ ಹೋಗಿತ್ತು.

"ಏನಂತ?" ಹುಲಿಗೆಪ್ಪ ಮೊಬೈಲ್ ತೆಗೆದುಕೊಂಡ.

"ಅತ್ತಿಗಿ ತವರಿಗೆ ಹೊಂಟಾಳಂತ. ನಾ ಹೋಗಂಗಿಲ್ಲ."

"ನಾನಂತೂ ಬ್ಯಾಡ ಅಂದಿಲ್ಲ ಮತ್ತ." ಅವನ ಮುಖದಲ್ಲಿ ನಿಜವಾದ ಸಂತೋಷ ಕಂಡಿತು. ಐದು ದಿನ ಹೋಟೆಲಿನ ಅನ್ನ ತಿನ್ನುವ ಚಿಂತೆ ತಪ್ಪಿತ್ತು. "ಹೋಗ್ಲಿ ಬಿಡು. ನಾಗಪ್ಪಗ ಹಾಲು ಇಲ್ಲೇ ಎರದ್ರಾತು. ನಮ್ಮ ಸೈಟ್‌ನ್ಯಾಗ ನಮ್ಮ ಕಡಿ ಹುಡುಗ್ರು ಐದು ಮಂದಿ ಅದಾರ, ಪಾಪ, ಹಬ್ಬದಾಗ ಯಾರೂ ಇಲ್ಲ ಅವರಿಗೆ. ಊಟಕ್ಕ ಕರೀಲಿ? ಟೀವಿಯೊಳಗ ಹೆಸರು ಬಂದಾಕಿ ಕೈ ಉಂಡಿ ಅಂದ್ರ ಓಡಿ ಬರ್ತಾರ."

ಅವನ ದನಿಯಲ್ಲಿ ಹೆಮ್ಮೆ ಇತ್ತು, ಹೆಂಡತಿಯ ಮೇಲಿನದೇ. ಬಾಲಮ್ಮ ಅವನನ್ನು ಒಂದು ಕ್ಷಣ ನೋಡಿದಳು.

"ಎಷ್ಟ್ ಮಂದಿ ಅಂದ್ರಿ?"

"ಐದು. ನಾವು ನಾಲ್ಕು. ಜಾಸ್ತಿನ ಕಟ್ಟು, ಒಯ್ತಾರ."

ಮನೆಯಲ್ಲಿ ಗಟ್ಟಿ ಚೀಲ ಒಂದೇ ಇತ್ತು. ಬಾಲಮ್ಮ ಅದರೊಳಗಿನ ಸೀರೆಗಳನ್ನು ತೆಗೆದು ಮಷಿನಿನ ಮೇಲೆ ಇಟ್ಟಳು. ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು, ಶೇಂಗಾ, ಎಳ್ಳು, ಬೆಲ್ಲ ತರಲು ಹಲಸೂರಿನ ಬಜಾರಿಗೆ ಇಳಿದಳು.