ಸೋಮವಾರದ ಪಾಳಿ

ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿ ನನ್ನನ್ನು ಇಟ್ಟುಕೊಂಡದ್ದೇ ಹಳೆಯ ಸರ್ವರಿನ ಜೀವ ಹಿಡಿದಿಡಲಿಕ್ಕೆ. ಅದು ಇನ್ನು ಏಳುವುದಿಲ್ಲ ಎಂದು ಖಾತ್ರಿಯಾದಾಗ, ಅದರಲ್ಲಿದ್ದ ಕಬ್ಬಿನ ಪಾಳಿಯ ಪ್ರೋಗ್ರಾಮನ್ನು ಹೊಸ ಯಂತ್ರದ ಲಿನಕ್ಸ್‌ಗೆ ಒಗ್ಗಿಸುವ ಕೆಲಸವೂ ನನ್ನ ತಲೆಗೇ ಬಂತು. ಇಂಡಿ, ಸಿಂದಗಿ ಕಡೆಯ ಯಾವ ರೈತ ಯಾವ ದಿನ ಕಬ್ಬು ತರಬೇಕೆಂದು ಮೊಬೈಲಿಗೆ ತಿಳಿಸುವುದು ಈ ಪ್ರೋಗ್ರಾಮೇ. ಒಂದು ಸಿಸ್ಟಮ್ಮಿನಲ್ಲಿ ಸಲೀಸಾಗಿ ಓಡುತ್ತಿದ್ದದ್ದು ಇನ್ನೊಂದರಲ್ಲಿ ಕಂಪೈಲ್ ಆಗಲಿಕ್ಕೇ ಒಲ್ಲೆ ಎಂದಿತು. ಒಂದು ದೋಷ ತಿದ್ದಿದರೆ ಇನ್ನೊಂದು ಇಣುಕುತ್ತಿತ್ತು. ಕೊನೆಗೊಂದು ಮಧ್ಯಾಹ್ನ ಪರದೆ ಒಂದೂ ದೋಷ ತೋರಿಸಲಿಲ್ಲ. ಕಾರ್ಖಾನೆಯ ಮ್ಯಾನೇಜರ್ ಸಾಹೇಬರು ನನಗೊಂದು ಚಹಾ ತರಿಸಿದರು, ಪರೀಕ್ಷೆ ಮುಗಿಯುವ ಮೊದಲೇ, ಕಬ್ಬು ಅರೆಯುವ ಹಂಗಾಮು ಶುರುವಾಗುವ ಬಾಯ್ಲರ್ ಪೂಜೆಯ ದಿನ ಅದನ್ನು ಚಾಲೂ ಮಾಡಿಸಿದರು.

ನಮ್ಮಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ವಾರ. ಬಾಗೇವಾಡಿಯಿಂದ ಭೀಮೆಯ ದಂಡೆಯವರೆಗೆ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹಳೆಯ ಪ್ರೋಗ್ರಾಮಿನಲ್ಲೂ ಎರಡು ಎಂಬ ಅಂಕಿಯ ದಿನ, ಅಂದರೆ ಸೋಮವಾರ, ಎತ್ತಿನ ಬಂಡಿಗಳಿಗೆ ಪಾಳಿ ಇರಲಿಲ್ಲ. ಆದರೆ ಹಳೆಯ ಸಿಸ್ಟಮ್ ಭಾನುವಾರವನ್ನು ಒಂದು ಎಂದು ಎಣಿಸುತ್ತಿತ್ತು, ಹೊಸದು ಸೊನ್ನೆ ಎಂದು ಎಣಿಸಿತು. ಎತ್ತುಗಳ ರಜೆ ಮಂಗಳವಾರಕ್ಕೆ ಜರುಗಿತು, ಸೋಮವಾರ ಪಾಳಿ ಬರತೊಡಗಿತು. ತಿದ್ದಬೇಕಾದದ್ದು ಒಂದೇ ಸಾಲು. ತಿದ್ದಿಟ್ಟುಕೊಂಡು, ಅರ್ಧ ತಾಸು ಸರ್ವರ್ ನಿಲ್ಲಿಸಲು ಅಪ್ಪಣೆ ಕೇಳಿದೆ. ಪಾಸ್‌ವರ್ಡ್ ಸಾಹೇಬರ ಕೈಯಲ್ಲಿತ್ತು. ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿವೆ, ಹಂಗಾಮು ಮುಗಿಯಲಿ ಎಂದರು. ಅವರ ಕಣ್ಣಿಗೆ ಬಂಡಿಗಳು ಬೀಳುತ್ತಲೇ ಇರಲಿಲ್ಲ.

ಕನ್ನೊಳ್ಳಿಯಲ್ಲಿ ನನ್ನ ಕಾಕಾ ಇದ್ದಾನೆ. ಅವನಿಗೂ ಸೋಮವಾರವೇ ಪಾಳಿ ಬಂತು. ಅವನು ಬಂಡಿ ಹೂಡಲಿಲ್ಲ. ಪಾಳಿ ತಪ್ಪಿದವರು ಸಾಲಿನ ಬಾಲಕ್ಕೆ ಹೋಗಬೇಕು. ಪಾಳಿಗೆಂದು ಕಡಿದಿಟ್ಟ ಅರ್ಧ ಹೊಲದ ಕಬ್ಬು ಅಲ್ಲೇ ಒಣಗಿ ಹಗುರಾಯಿತು. ಉಳಿದರ್ಧ ಹೊಲಕ್ಕೆ ಮತ್ತೆ ಪಾಳಿ ಬಂದಾಗ ಅದೂ ಸೋಮವಾರವೇ. ಫೋನಿನಲ್ಲಿ ಕಾಕಾ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

"ನೀ ಅಲ್ಲೇ ಕುಂತೀದಿ ತಮ್ಮಾ. ಒಂದ ಸೋಮಾರ ಬಿಡಸಾಕ ಆಗೂದಿಲ್ಲೇನ ನಿನಗ?"

ಮತ್ತೆ ಸಾಹೇಬರ ಮುಂದೆ ನಿಂತೆ. ಅವರು ತಲೆ ಎತ್ತದೆ, ಆಗ ಹೇಳಿದ್ದೇ ಈಗಲೂ ಎಂದರು. ಹೋಗಿ ನನ್ನ ಕುರ್ಚಿಯಲ್ಲಿ ಕೂತೆ.

ಆ ಸೋಮವಾರ ಕಾಕಾ ಬಂದ. ಜೀವಮಾನದಲ್ಲಿ ಮೊದಲ ಸಲ ಆ ದಿನ ಎತ್ತಿನ ಹೆಗಲಿಗೆ ನೊಗ ಇಟ್ಟಿದ್ದ. ಬಂಡಿ ಹತ್ತಿರಲಿಲ್ಲ, ಬಾರುಕೋಲು ಹಿಡಿದಿರಲಿಲ್ಲ, ಎತ್ತುಗಳ ಪಕ್ಕದಲ್ಲಿ ಊರಿನಿಂದ ನಡೆದೇ ಬಂದಿದ್ದ. ಅವನ ಹಿಂದೆ ಇನ್ನೂ ಕೆಲವು ಬಂಡಿಗಳಿದ್ದವು. ತೂಕದ ಕಾಟಾದ ಹತ್ತಿರ ನಾನು ಎದುರಾದರೆ ಎತ್ತಿನ ಕಡೆ ಮುಖ ತಿರುಗಿಸಿಕೊಂಡ.

ಸಾಹೇಬರು ಕಿಟಕಿಯಿಂದ ನೋಡುತ್ತಿದ್ದರು. ಒಳಗೆ ಕರೆದರು.

"ನೋಡ್ರಿ, ಸೋಮಾರಾನೂ ಬಂಡಿ ಬರ್ತಾವ. ಪ್ರೋಗ್ರಾಮಿನ್ಯಾಗಿಂದ ಎತ್ತಿನ ಸೂಟಿಯ ಆ ಸಾಲನ್ನ ತಗದ ಬಿಡ್ರಿ."

ಅದಕ್ಕೆಂದು ಸರ್ವರ್ ನಿಲ್ಲಿಸಲು ಅರ್ಧ ತಾಸು ಕೊಟ್ಟರು.